ಹೊಂಬಾಳಮ್ಮ ಠಾಣೆಯಲ್ಲಿ ಹೇಳಿದ ಸುಳ್ಳು

ನಾಲೆಗೆ ನೀರು ಬಂದ ದಿನಗಳಲ್ಲಿ ನಮ್ಮ ಕಡೆ ಯಾರೂ ನೆಟ್ಟಗೆ ಮಲಗುವುದಿಲ್ಲ. ಮದ್ದೂರು, ಮಳವಳ್ಳಿ ಸೀಮೆಯ ಯಾವ ಮನೆಗೆ ಹೋಗಿ ಕೇಳಿದರೂ ಇದೇ ಮಾತು. ಕಟ್ಟು ನೀರು ನೋಡಿ, ಇಷ್ಟು ದಿನ ಬಿಡುತ್ತಾರೆ, ಇಷ್ಟು ದಿನ ನಿಲ್ಲಿಸುತ್ತಾರೆ. ನಮ್ಮ ಸರದಿ ತಪ್ಪಿತೋ, ಗದ್ದೆ ಬಿರುಕು ಬಿಡುವುದನ್ನು ನೋಡಿಕೊಂಡು ಕೂರಬೇಕು. ಅದಕ್ಕೇ ಗಂಡಸರು ಬ್ಯಾಟರಿ, ಗುದ್ದಲಿ ಹಿಡಿದು ಬದುವಿನ ಮೇಲೆ ಕಾಯುತ್ತಾರೆ. "ನೀರು ಬಂತಾ, ಬಂತಾ" ಎಂದು ಮನೆಯಿಂದ ಹೆಂಗಸರು ಫೋನು ಮಾಡುತ್ತಲೇ ಇರುತ್ತಾರೆ. ಆಗ ಯಾರ ಕಣ್ಣು ಕೆಂಪಾಗಿದ್ದರೂ ಯಾಕೆ ಎಂದು ಕೇಳುವವರಿಲ್ಲ.

ಕೆಂಚನದೊಡ್ಡಿಯ ಶಿವರಾಮುವಿನ ಕಾಯಿಲೆ ಊರಿಗೆ ಕಾಣದೆ ಹೋದದ್ದು ಹೀಗೆ.

ಶಿವರಾಮು ಆ ಊರಿನ ನೀರುಗಂಟಿ. ಉಪನಾಲೆಯ ತೂಬುಗಳನ್ನು ಸರದಿಯ ಪ್ರಕಾರ ಎತ್ತಿ, ಇಳಿಸಿ, ಎಲ್ಲರ ಗದ್ದೆಗೂ ನೀರು ಹೋಗುವಂತೆ ನೋಡಿಕೊಳ್ಳುವುದು ಅವನ ಕೆಲಸ. ಕೆಲಸ ಸಣ್ಣದು, ಬೈಗುಳ ಮಾತ್ರ ದೊಡ್ಡದು. ಮೇಲಿನ ಊರಿಗೆ ನೀರು ಕೊಟ್ಟರೆ ನಾಲೆಯ ಕೊನೆಯಲ್ಲಿರುವ ಊರಿನವರು ಬಯ್ಯುತ್ತಾರೆ. ಅವರಿಗೆ ಕೊಟ್ಟರೆ ಮೇಲಿನವರು ಬಯ್ಯುತ್ತಾರೆ. ಎಲ್ಲವನ್ನೂ ನಗುತ್ತಲೇ ಕೇಳಿಸಿಕೊಂಡು ಬಂದ ಮನುಷ್ಯ ಶಿವರಾಮು. ಮನೆಯಲ್ಲಿ ತಾಯಿ ಹೊಂಬಾಳಮ್ಮ, ಹೆಂಡತಿ ರಂಜಿತ, ಮದುವೆಯ ವಯಸ್ಸಿಗೆ ಬಂದಿರುವ ತಂಗಿ ಚಂದನ.

ಈ ಸಲ ನೀರು ಬಿಟ್ಟಾಗ ಶಿವರಾಮು ಮಲಗಲೇ ಇಲ್ಲ. ಊರಿನವರು ಮೆಚ್ಚಿಕೊಂಡರು. ತಾಯಿಯಂತೂ ಹೊಗಳಿದ್ದೇ ಹೊಗಳಿದ್ದು.

"ನನ್ ಮಗ ರೆಪ್ಪೆ ಮುಚ್ಚೋದಿಲ್ಲ ಕಣವ್ವ. ಊರ್ ನೀರ ಅವ್ನೊಬ್ನೇ ಕಾಯ್ತವ್ನೆ."

ನೀರು ನಿಂತಿತು. ಊರೆಲ್ಲ ಮಲಗಿತು. ಶಿವರಾಮು ಮಲಗಲಿಲ್ಲ. ತಟ್ಟೆಗೆ ಹಾಕಿದ ಮುದ್ದೆ ಹಾಗೇ ಇರುತ್ತಿತ್ತು. ಮಾತು ಮಾತ್ರ ನಿಲ್ಲುತ್ತಿರಲಿಲ್ಲ, ಒಂದು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತಿದ್ದ. ಕಾವೇರಿ ತಾಯಿ ತನಗೇ ಅಪ್ಪಣೆ ಕೊಟ್ಟಿದ್ದಾಳೆ, ಜಿಲ್ಲೆಯ ಎಲ್ಲ ಗದ್ದೆಗೂ ಒಂದೇ ಸಲಕ್ಕೆ ನೀರು ಹಾಯಿಸಬೇಕು ಎನ್ನುತ್ತಿದ್ದ. ಯಾರಾದರೂ ನಕ್ಕರೆ ರೇಗುತ್ತಿದ್ದ. ಒಂದು ದಿನ ಹೆಂಡತಿಯ ಮೇಲೆ ಕೈ ಎತ್ತಲು ಹೋದವನು ತಾನೇ ಕೈ ಇಳಿಸಿ, ಮೂಲೆಯಲ್ಲಿ ಕೂತು ಗಳಗಳನೆ ಅತ್ತ.

ರಂಜಿತ ಒಲೆಯ ಮುಂದಿದ್ದ ಅತ್ತೆಯ ಹತ್ತಿರ ಹೋದಳು.

"ಅತ್ತೆ, ಇವ್ರು ಮೊದ್ಲಂಗಿಲ್ಲ. ಆಸ್ಪತ್ರೆಗೆ ತೋರ್ಸಾಣ."

"ಯಾವ್ ಆಸ್ಪತ್ರೆಗೆ? ಜ್ವರ ಬಂದದಾ, ಕೆಮ್ಮು ಬಂದದಾ?"

"ತಲೆಗೆ ಏನೋ ಆಗದೆ ಅತ್ತೆ. ಮನ್ಸಿನ್ ಡಾಕ್ಟ್ರಿಗೆ..."

ಹೊಂಬಾಳಮ್ಮ ಕೈಯಲ್ಲಿದ್ದ ಸೌದೆಯನ್ನು ಹಾಗೇ ಹಿಡಿದು ತಿರುಗಿದಳು. "ಬಾಯ್ ಮುಚ್ಕಂಡಿರಮ್ಮಿ. ಈ ಮಾತು ಬೀದಿಗೆ ಬಿದ್ರೆ ಚಂದನನ್ನ ಯಾರ್ ಮದ್ವೆ ಆಯ್ತಾರೆ? ನಿದ್ದೆಗೆಟ್ಟವ್ನೆ, ಅಷ್ಟೇಯ. ಮಲಗಿ ಎದ್ರೆ ಸರಿ ಓಯ್ತದೆ."

ಮಲಗಿದರೆ ತಾನೇ ಏಳುವುದು! ರಂಜಿತ ಈ ಮಾತನ್ನು ನುಂಗಿಕೊಂಡಳು.

ಮುಂದಿನ ಕಟ್ಟು ನೀರು ಬಂದ ದಿನ ಬೆಳಿಗ್ಗೆಯೇ ಶಿವರಾಮು ಉಪನಾಲೆಯ ಮೇಲೆ ಹೊರಟ. ಒಂದಾದ ಮೇಲೊಂದು ಎಲ್ಲ ತೂಬನ್ನೂ ಎತ್ತಿಬಿಟ್ಟ. ಯಾರ ಸರದಿಯೂ ಇಲ್ಲ, ಯಾವ ಲೆಕ್ಕವೂ ಇಲ್ಲ. ನೀರು ನುಗ್ಗಿ ಅದೇ ಊರಿನ ರೈತ ಮರಿಸಿದ್ದಯ್ಯನ ಸಸಿಮಡಿಯನ್ನು ಕೊಚ್ಚಿಕೊಂಡು ಹೋಯಿತು. ಹಿಂದಿನ ದಿನ ತಾನೇ ಮೊಳಕೆ ಚೆಲ್ಲಿದ್ದ ಮಡಿ ಅದು. ಊರಿನವರು ಓಡಿ ಬಂದಾಗ ಶಿವರಾಮು ನಾಲೆಯೊಳಗೆ ಸೊಂಟದುದ್ದ ನೀರಿನಲ್ಲಿ ನಿಂತು, "ಎಲ್ರೂ ಬನ್ರಪ್ಪ, ಎಲ್ರಿಗೂ ಅದೆ" ಎಂದು ಎರಡು ಕೈಯಲ್ಲೂ ಕರೆಯುತ್ತಿದ್ದ.

ಇದನ್ನು ನೋಡಿದ ಯಾರಿಗಾದರೂ ಈ ಮನುಷ್ಯ ಆರೋಗ್ಯವಾಗಿಲ್ಲ ಎಂದು ತಿಳಿಯಬೇಕಿತ್ತು. ಆದರೆ ನಾವು ನಾಲೆ ಸೀಮೆಯವರು. ನೀರಿನ ವಿಷಯ ಬಂದರೆ ನಮಗೆ ಬೇರೆ ಏನೂ ಹೊಳೆಯುವುದಿಲ್ಲ. ಪಕ್ಕದವನ ಗದ್ದೆಗೆ ಒಂದು ಮಳೆ ಹೆಚ್ಚು ಬಿದ್ದರೂ ಅದರ ಹಿಂದೆ ಯಾರಿದ್ದಾರೆ ಎಂದು ಯೋಚಿಸುವ ಜನ.

"ಕೊನೆ ಊರ್ನೋರು ಇವ್ನ ಕೈ ಬೆಚ್ಗೆ ಮಾಡವ್ರೆ ಕಣ್ಲಾ!" ಎಂದು ಮರಿಸಿದ್ದಯ್ಯ ಕೂಗಿದ. "ಆಡೋದೆಲ್ಲ ನಾಟ್ಕ. ಪೋಲೀಸ್ನೋರ್ಗೆ ಫೋನ್ ಮಾಡ್ರಲಾ!"

ಎಲ್ಲರೂ ಹೌದು ಹೌದು ಎಂದರು. ಜೀಪು ಬಂತು. ಶಿವರಾಮುವನ್ನು ಒದ್ದೆ ಬಟ್ಟೆಯಲ್ಲೇ ಹೋಬಳಿಯ ಠಾಣೆಗೆ ಕರೆದೊಯ್ದರು.

ತಾಯಿಯೂ ಹೆಂಡತಿಯೂ ಸಿಕ್ಕ ಆಟೋ ಹತ್ತಿಕೊಂಡು ಹಿಂದೆಯೇ ಹೋದರು. ಠಾಣೆಯ ಸಬ್ ಇನ್ಸ್‌ಪೆಕ್ಟರ್ ರಘುನಂದನ್ ಹೊಸಬರು, ಸಮಾಧಾನದ ಮನುಷ್ಯ. ಬೆಂಚಿನ ಮೇಲೆ ಕೂರದೆ ಅತ್ತಿಂದಿತ್ತ ಓಡಾಡುತ್ತಿದ್ದ ಶಿವರಾಮುವನ್ನು ಒಮ್ಮೆ ನೋಡಿ, ಹೊಂಬಾಳಮ್ಮನನ್ನು ಕೇಳಿದರು.

"ಅಮ್ಮಾ, ನಿಮ್ಮ ಮಗನಿಗೆ ಏನಾದರೂ ತೊಂದರೆ ಇದೆಯಾ? ಡಾಕ್ಟರಿಗೆ ತೋರಿಸ್ತಾ ಇದ್ದೀರಾ?"

ನಿಜ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸುತ್ತ ಊರಿನವರು ನಿಂತಿದ್ದರು. ಬಾಗಿಲಲ್ಲಿ ಮರಿಸಿದ್ದಯ್ಯ ನಿಂತಿದ್ದ. ಹೊಂಬಾಳಮ್ಮ ಸೆರಗು ಸರಿ ಮಾಡಿಕೊಂಡಳು.

"ಏನೂ ಇಲ್ಲ ಸಾಮಿ. ಕಲ್ಲ್ ಗುಂಡಂಗವ್ನೆ. ಬೇಕು ಅಂತ್ಲೇ ಮಾಡವ್ನೆ. ಕೊನೆ ಊರ್ನೋರ ಮಾತು ಕೇಳ್ಕಂಡು ಕೆಟ್ಟ. ಎಲ್ಡ್ ದಿನ ನಿಮ್ ತಾವೇ ಮಡಿಕ್ಕಳಿ, ಎದ್ರಿಸ್ಬುಟ್ಟು ಕಳ್ಸಿ. ಬುದ್ಧಿ ಬತ್ತದೆ."

ರಂಜಿತ ಬಾಯಿ ತೆರೆದಳು. ಅತ್ತೆ ಅವಳ ತೋಳನ್ನು ಬಲವಾಗಿ ಚಿವುಟಿದಳು.

ತಾಯಿಯೇ ಹೀಗೆ ಹೇಳಿದ ಮೇಲೆ ಮರಿಸಿದ್ದಯ್ಯನಿಗೆ ಇನ್ನೇನು ಬೇಕು? "ಕೇಳುದ್ರಾ ಸಾರ್?" ಎಂದು ಎದೆ ಮುಂದೆ ಮಾಡಿದ. ಸರ್ಕಾರದ ತೂಬು, ರೈತರ ಬೆಳೆ, ಎರಡಕ್ಕೂ ಕೇಸು ಹಾಕಬೇಕು ಎಂದ. ಸಬ್ ಇನ್ಸ್‌ಪೆಕ್ಟರು ದೂರು ಬರೆದುಕೊಳ್ಳಲು ಹೇಳಿದರು. ಶಿವರಾಮು "ಇನ್ನೂ ತೂಬು ಬಾಕಿ ಅವೆ" ಎನ್ನುತ್ತಾ ಮತ್ತೆ ಮತ್ತೆ ಬಾಗಿಲಿಗೆ ಓಡುತ್ತಿದ್ದ. ದೂರು ಬರೆಯುತ್ತಿದ್ದ ಠಾಣೆಯ ರೈಟರ್‌ಗೆ ಸಾಕಾಯಿತು. "ಹೀಗೇ ಓಡ್ತಿದ್ರೆ ಲಾಕಪ್ಪಿಗೆ ಹಾಕ್ಬೇಕಾಗುತ್ತೆ. ನಾಳೆ ಕೋರ್ಟು" ಎಂದು ಬೀಗದ ಕೈ ಹುಡುಕತೊಡಗಿದರು.

ಲಾಕಪ್ಪು ಎಂಬ ಮಾತು ಕೇಳಿ ಹೊಂಬಾಳಮ್ಮ ಅಲ್ಲಿ ನಿಲ್ಲಲಾರದೆ ಹೊರಗೆ ಬಂದು, ರಸ್ತೆ ದಾಟಿ, ಎದುರಿಗಿದ್ದ ಹೊಲಿಗೆ ಅಂಗಡಿಯ ಮೆಟ್ಟಿಲ ಮೇಲೆ ಕೂತಳು.

ಅದು ಅಜೀಜಾಳ ಅಂಗಡಿ. ಪಕ್ಕದಲ್ಲೇ ಅವಳ ಗಂಡ ಯಾಸೀನ್ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಾನೆ. ಹೊಂಬಾಳಮ್ಮ ಎಷ್ಟೋ ವರ್ಷದಿಂದ ರವಿಕೆ ಹೊಲಿಸುವುದು ಅಜೀಜಾಳ ಹತ್ತಿರವೇ. ಪ್ರತಿ ಸಲವೂ ತೋಳು ಬಿಗಿ ಎಂದು ಬಯ್ಯುತ್ತಾಳೆ, ಪ್ರತಿ ಸಲವೂ ಅವಳ ಹತ್ತಿರವೇ ಬರುತ್ತಾಳೆ. ಹಾಗಾಗಿ ಇಬ್ಬರ ನಡುವೆ ಮುಚ್ಚುಮರೆ ಕಡಿಮೆ.

ಅಜೀಜಾ ನೀರು ತಂದುಕೊಟ್ಟಳು. ಎದುರಿನ ಠಾಣೆಯಿಂದ ಕೂಗಾಟ ಕೇಳುತ್ತಿತ್ತು.

"ಅಕ್ಕ, ಅದು ನಿನ್ ಮಗನ ದನಿ ಅಲ್ವಾ? ಏನಾಯ್ತು?"

ಹೊಂಬಾಳಮ್ಮ ಅದೇ ಪಾಠ ಒಪ್ಪಿಸಿದಳು. ಕೊನೆ ಊರಿನವರು, ತೂಬು, ಮರಿಸಿದ್ದಯ್ಯನ ಸಸಿಮಡಿ, ಎಲ್ಲ. ಅಜೀಜಾ ಮಷೀನು ನಿಲ್ಲಿಸಿ ಪೂರ್ತಿ ಕೇಳಿದಳು.

"ಒಂದು ಯೋಳು. ದುಡ್ಡು ಈಸ್ಕಂಡೋನು ಕದ್ದು ಮುಚ್ಚಿ ಮಾಡ್ತಾನೆ. ನಡು ನಾಲೇಲಿ ನಿಂತ್ಕಂಡು ಊರ್ನೆಲ್ಲಾ ಕರೀತಾನಾ?"

ಹೊಂಬಾಳಮ್ಮ ನೀರಿನ ಲೋಟವನ್ನು ಮೆಟ್ಟಿಲ ಮೇಲಿಟ್ಟಳು.

"ಊಟ ಮಾಡ್ತವ್ನಾ?"

"ಇಲ್ಲ."

"ಮಲಗ್ತವ್ನಾ?"

"ನೀರ್ ಕಾಯೋನು..."

"ನೀರ್ ನಿಂತ್ ಮೇಲೆ ಮಲಗಿದ್ನಾ ಅಕ್ಕ? ನನ್ ಮೊಕ ನೋಡಿ ಯೋಳು."

ಹೊಂಬಾಳಮ್ಮ ತಲೆ ಎತ್ತಿದಳು. "ನಂಗೊತ್ತು ಕಣಮ್ಮ" ಎಂದಳು. "ಎತ್ತೋಳ್ಗೆ ಗೊತ್ತಾಗಲ್ವಾ? ಅವ್ನ ಕಣ್ಣಲ್ಲಿ ನನ್ ಮಗ ಇಲ್ಲ. ಆದ್ರೆ ಎಂಗೆ ಯೋಳ್ಲಿ? ನೀರ್ ಕದ್ದ ಅಂದ್ರೆ ವರ್ಸಕ್ಕೆ ಮರೀತಾರೆ. ಈ ಸೀಮೇಲಿ ನೀರಿನ್ ಜಗಳ ಆಡ್ದೋರು ಯಾರವ್ರೆ? ತಲೆ ಕೆಟ್ಟದೆ ಅಂದ್ರೆ ಮರೀತಾರಾ? ಕಳ್ಳನಾದ್ರೂ ಆಗ್ಲಿ, ಉಚ್ಚ ಅನ್ನೋದ್ ಬ್ಯಾಡ."

ಹೆತ್ತ ಮಗನಿಗೆ ಕಳ್ಳ ಎಂಬ ಹೆಸರನ್ನು ತಾಯಿಯೇ ಆರಿಸಿದ್ದಳು, ಪ್ರೀತಿಯಿಂದಲೇ ಆರಿಸಿದ್ದಳು. ಇದನ್ನು ಬರೆಯುವಾಗ ನನಗೂ ಸಂಕಟವಾಗುತ್ತದೆ. ನಮ್ಮ ಮನೆಗಳಲ್ಲಿ ಇದು ನಡೆಯುವುದಿಲ್ಲ ಎಂದು ಯಾರೂ ಬೀಗಬೇಕಿಲ್ಲ.

ಅಜೀಜಾ ಬಂದು ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತಳು.

"ನನ್ ಮಗಳು ಅಸ್ಫಿಯಾ ಹುಟ್ಟಿದಾಗ ನಂಗೆ ಏನಾಗಿತ್ತು ಗೊತ್ತಾ ಅಕ್ಕ?"

"ತೌರ್ಗೆ ಓಗಿದ್ದೆ ಅಂದ್ರು."

"ಅಂಗಂತ ಯೋಳಿದ್ರು. ನಾನು ಬಾಣಂತಿ. ನಿದ್ದೆ ಓಯ್ತು. ಯಾರೋ ಮಗೀನ ಎತ್ಕಂಡೋಯ್ತಾರೆ ಅಂತ ಕಿವಿಯಾಗೆ ಮಾತು. ಒಂದಿನ ಬರಿಗಾಲಲ್ಲಿ ಮನೆ ಬುಟ್ಟು ಓಡ್ದೆ. ಬೇರೆ ಊರ್ ಬಸ್ ಸ್ಟ್ಯಾಂಡಲ್ಲಿ ಪೋಲೀಸ್ನೋರು ಇಡ್ದು ಸ್ಟೇಷನ್ನಲ್ಲಿ ಕೂರಿಸಿದ್ರು. ಮಗೀಗೆ ಅಂತ ಎದೆ ತುಂಬಿ ಸೋರ್ತಾ ಇತ್ತು. ಬಂದೋರು ಓದೋರೆಲ್ಲ ನೋಡಿ ನಕ್ರು. ನಾನೇನ್ ತಪ್ ಮಾಡಿದ್ದೆ ಅಕ್ಕ? ಜ್ವರ ಬಂದೋರ್ನ ಯಾರಾದ್ರೂ ಸ್ಟೇಷನ್ನಲ್ಲಿ ಕೂರಿಸ್ತಾರಾ?"

ಹೊಂಬಾಳಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಮಾರ್ನೆ ದಿನ ಒಬ್ರು ಲೇಡಿ ಪೋಲೀಸು ಡ್ಯೂಟಿಗೆ ಬಂದ್ರು. ನೋಡಿದ್ ತಕ್ಷಣ, ಈ ಯಮ್ಮ ಬಾಣಂತಿ, ಉಸಾರಿಲ್ಲ, ಇಲ್ಲಿ ಯಾಕೆ ಕೂರಿಸಿದೀರಿ ಅಂತ ಜಗಳ ಆಡಿ ಆಸ್ಪತ್ರೆಗೆ ಕರ್ಕಂಡೋದ್ರು. ಔಸ್ದಿ ಕೊಟ್ರು, ಮಲಗಿದೆ. ಸ್ವಲ್ಪ ದಿನಕ್ಕೆ ನನ್ ಮಗೀನ ನಾನೇ ಎತ್ಕಂಡು ಆಲು ಕುಡಿಸ್ದೆ. ಈಗ ನೋಡು, ನಿನ್ ರವಿಕೆ ತೋಳಿಗೆ ಬೈಸ್ಕತಾ ಕುಂತಿವ್ನಿ."

ಹೊಂಬಾಳಮ್ಮ ಅಳುವಿನ ಮಧ್ಯೆಯೇ ಒಮ್ಮೆ ನಕ್ಕಳು. ಆಮೇಲೆ ಅವಳ ಹೆದರಿಕೆಗಳೆಲ್ಲ ಒಂದೊಂದಾಗಿ ಹೊರಬಂದವು.

"ಅಲ್ಲಿ ಸರಪಳಿ ಆಕ್ತಾರಂತಲ್ಲ?"

"ಯಾರೂ ಆಕಂಗಿಲ್ಲ ಅಕ್ಕ. ಸರಪಳಿ ಕಟ್ಟೋದು ಕಾನೂನಿಗೇ ವಿರುದ್ಧ. ನಂಗೆ ಮೊದ್ಲು ಸೂಜಿ, ಆಮೇಲೆ ಮಾತ್ರೆ."

"ಇವ್ನು ಇನ್ನೊಬ್ರ ಬೆಳೆ ಆಳ್ ಮಾಡವ್ನೆ. ಪೋಲೀಸ್ನೋರು ಬುಡ್ತಾರಾ?"

"ಬುಡೋ ಮಾತಲ್ಲ. ಆಸ್ಪತ್ರೆಗೆ ಕರ್ಕಂಡೋಗೋದು ಅವ್ರ ಕೆಲ್ಸಾನೇ. ಮನ್ಸಿನ್ ಕಾಯ್ಲೆಯಿಂದ ತನ್ನ ತಾನು ನೋಡ್ಕಳಾಕಾಗ್ದೆ ಅಲೀತಾ ಇರೋರು, ತಮಗಾಗ್ಲಿ ಬೇರೇರಿಗಾಗ್ಲಿ ಅಪಾಯ ಮಾಡ್ಕಳೋ ಅಂಗಿರೋರು ಸಿಕ್ಕುದ್ರೆ, ಪೋಲೀಸ್ನೋರು ಕಾಪಾಡಿ ಅತ್ರದ ಸರ್ಕಾರಿ ಆಸ್ಪತ್ರೆಗೆ ಕರ್ಕಂಡೋಗಿ ತೋರಿಸ್ಬೇಕು. ಎಷ್ಟು ಬೇಗ ಆಯ್ತದೋ ಅಷ್ಟು ಬೇಗ. ಇಪ್ಪತ್ನಾಲ್ಕು ಗಂಟೆ ಮೀರಂಗೇ ಇಲ್ಲ. ಲಾಕಪ್ಪಿಗಂತೂ ಯಾವ್ ಕಾರಣಕ್ಕೂ ಆಕಂಗಿಲ್ಲ. ನಂಗಾಗಿದ್ದು ತಪ್ಪು ಅಂತ ಆಸ್ಪತ್ರೆ ಕೌನ್ಸೆಲರ್ ಮೇಡಂ ಆಗ್ಲೇ ಬುಡಿಸಿ ಯೋಳಿದ್ರು."

"ಅಂಗಾರೆ ಇವ್ರು ಯಾಕ್ ಕರ್ಕಂಡೋಗ್ಲಿಲ್ಲ?"

ಅಜೀಜಾ ಅವಳ ಮುಖವನ್ನೇ ನೋಡಿದಳು. "ನೀನೇ ಯೋಳ್ದಲ್ಲಕ್ಕ, ಕಲ್ಲ್ ಗುಂಡಂಗವ್ನೆ ಅಂತ."

ಎದುರಿನ ಠಾಣೆಯಲ್ಲಿ ಕಬ್ಬಿಣದ ಬಾಗಿಲು ಸದ್ದು ಮಾಡಿತು. ಹೊಂಬಾಳಮ್ಮ ಎದ್ದಳು. ಚಪ್ಪಲಿ ಮೆಟ್ಟಿಲ ಹತ್ತಿರವೇ ಉಳಿಯಿತು. ಅಜೀಜಾ ಅಂಗಡಿಯನ್ನು ಗಂಡನಿಗೆ ನೋಡಿಕೊಳ್ಳಲು ಹೇಳಿ ಹಿಂದೆಯೇ ಓಡಿದಳು.

ಠಾಣೆಯೊಳಗೆ ಇಬ್ಬರು ಕಾನ್‌ಸ್ಟೇಬಲ್‌ಗಳು ಶಿವರಾಮುವಿನ ರಟ್ಟೆ ಹಿಡಿದಿದ್ದರು. ರಂಜಿತ ಅಡ್ಡ ನಿಂತು, "ಆಕ್ಬೇಡಿ ಸಾರ್, ಆಕ್ಬೇಡಿ" ಎಂದು ಬೇಡುತ್ತಿದ್ದಳು. ಮರಿಸಿದ್ದಯ್ಯ ದೂರಿಗೆ ಸಹಿ ಹಾಕಲು ಕೂತಿದ್ದ.

"ಸಾಮಿ, ನಿಲ್ಸಿ!" ಹೊಂಬಾಳಮ್ಮನ ದನಿ ಕೇಳಿ ಎಲ್ಲರೂ ತಿರುಗಿದರು. "ನಾನ್ ಆಗ್ಲೇ ಯೋಳಿದ್ದು ಸುಳ್ಳು. ನನ್ ಮಗ ಯಾರ್ ತಾವೂ ಏನೂ ಈಸ್ಕಂಡಿಲ್ಲ. ಅವ್ನಿಗೆ ಉಸಾರಿಲ್ಲ. ಮನ್ಸಿಗೆ ಉಸಾರಿಲ್ಲ. ನಿದ್ದೆ ಇಲ್ಲ, ಊಟ ಇಲ್ಲ, ಏನ್ ಮಾಡ್ತವ್ನಿ ಅನ್ನೋ ಗ್ಯಾನ ಇಲ್ಲ. ನನ್ ಸೊಸೆ ಆವತ್ತೇ ಯೋಳಿದ್ಲು, ನಾನು ಬಾಯ್ ಮುಚ್ಚಿಸ್ದೆ. ಅವ್ನ ಆಸ್ಪತ್ರೆಗೆ ಕಳ್ಸಿ ಸಾಮಿ."

ಊರಿನವರ ಮುಂದೆ, ಮರಿಸಿದ್ದಯ್ಯನ ಮುಂದೆ, ಒಂದು ಉಸಿರಿನಲ್ಲಿ ಹೇಳಿಬಿಟ್ಟಳು. ಹೇಳಿದ ಮೇಲೆ ಬೆಂಚು ಹಿಡಿದುಕೊಂಡು ನಿಂತಳು.

ಸಬ್ ಇನ್ಸ್‌ಪೆಕ್ಟರ್ ರಘುನಂದನ್ ಕಾನ್‌ಸ್ಟೇಬಲ್‌ಗಳಿಗೆ ಕೈ ಬಿಡುವಂತೆ ಸನ್ನೆ ಮಾಡಿದರು. "ಅಮ್ಮಾ, ನಾನು ಮೊದಲೇ ಕೇಳಿದೆನಲ್ಲ? ನೀವು ಚೆನ್ನಾಗಿದ್ದಾನೆ ಅಂದ್ರಿ."

"ಕೇಳಿದ್ರಿ, ಸರಿ" ಎಂದು ಅಜೀಜಾ ಮುಂದೆ ಬಂದಳು. "ಮನೆಯೋರು ಎದ್ರುಕಂಡು ಸುಳ್ ಯೋಳ್ತಾರೆ ಸಾರ್. ನೋಡಿದ್ರೇ ತಿಳೀತಿರ್ಲಿಲ್ವಾ? ಒದ್ದೆ ಬಟ್ಟೇಲಿ ನಡುಗ್ತಾ ಅವ್ನೆ, ಅದೂ ಅವ್ನಿಗೆ ಗೊತ್ತಾಗ್ತಿಲ್ಲ."

ರೈಟರ್ ಹುಬ್ಬು ಗಂಟಿಕ್ಕಿದರು. ಸಬ್ ಇನ್ಸ್‌ಪೆಕ್ಟರು ಸಿಟ್ಟಾಗಲಿಲ್ಲ. ಶಿವರಾಮುವನ್ನು ಮತ್ತೊಮ್ಮೆ ನೋಡಿದರು, ಈ ಸಲ ಸ್ವಲ್ಪ ಹೆಚ್ಚು ಹೊತ್ತು.

"ನೀವು ಹೇಳೋದು ನಿಜ" ಎಂದರು. "ಕಾನೂನಲ್ಲೂ ಹಾಗೇ ಇದೆ. ನಮಗೆ ಅನುಮಾನ ಬಂದರೆ ಸಾಕು, ಮನೆಯವರು ಒಪ್ಪಬೇಕು ಅಂತಿಲ್ಲ. ಗಲಾಟೆಯಲ್ಲಿ ನಾನೂ ದೂರಿನ ಕಡೆ ಹೋದೆ." ಆಮೇಲೆ ರೈಟರ್ ಕಡೆ ತಿರುಗಿದರು. "ಲಾಕಪ್ಪಿನ ಮಾತು ಬೇಡ. ಒಣಗಿದ ಟವೆಲ್ ಕೊಡಿ. ನೂರಾ ಎಂಟಕ್ಕೆ ಫೋನ್ ಮಾಡಿ, ತಾಲ್ಲೂಕು ಆಸ್ಪತ್ರೆಗೂ ತಿಳಿಸಿ. ನಮ್ಮವರು ಒಬ್ಬರು ಜೊತೆಗೆ ಹೋಗಲಿ."

ಮರಿಸಿದ್ದಯ್ಯ ಎದ್ದು ನಿಂತ. "ಅಂಗಾರೆ ನನ್ ಸಸಿಮಡಿ? ಕಾಯ್ಲೆ ಅಂದ್ಬುಟ್ರೆ ಎಲ್ಲ ಮುಗೀತಾ?"

"ಮುಗಿಯಲ್ಲ. ನಿಮ್ಮ ನಷ್ಟದ ಮಾತು ಬೇರೆ, ಅದನ್ನ ಆಮೇಲೆ ನೋಡೋಣ. ಕಾಯಿಲೆಯವನನ್ನ ಮೊದಲು ಡಾಕ್ಟರು ನೋಡಬೇಕು" ಎಂದರು ಸಬ್ ಇನ್ಸ್‌ಪೆಕ್ಟರು.

ಮರಿಸಿದ್ದಯ್ಯ ಶಿವರಾಮುವನ್ನು ನೋಡಿದ. ಶಿವರಾಮು ಅವನನ್ನೂ ಕೈ ಬೀಸಿ ಕರೆದ. "ಬಾ ಮರಿಸಿದ್ದಣ್ಣ, ಕಾವೇರಮ್ಮನ ಅಪ್ಪಣೆ ಆಗದೆ, ನಿಂಗೂ ನೀರದೆ."

ಮರಿಸಿದ್ದಯ್ಯ ಸಹಿ ಹಾಕದೆ ಪೆನ್ನನ್ನು ಮೇಜಿನ ಮೇಲಿಟ್ಟ. "ಲಂಚ ತಿಂದವ್ನೆ ಅಂತ ನಾನೇ ಊರ್ಗೆಲ್ಲ ಸಾರ್ಬುಟ್ನಲ್ಲ" ಎಂದು ಗೊಣಗಿದ. "ಓಗ್ಲಿ, ಮೊದ್ಲು ಅವ್ನು ಉಸಾರಾಗ್ಲಿ. ನನ್ ಮಡಿ ಲೆಕ್ಕ ನಾನ್ ಬುಡೋನಲ್ಲ." ನಿಜಕ್ಕೂ ಬಿಡಲಿಲ್ಲ. ಮುಂದಿನ ವಾರ ಹೊಂಬಾಳಮ್ಮನ ಮಡಿಯಿಂದಲೇ ಸಸಿ ಕೀಳಿಸಿಕೊಂಡು ಹೋದ. ಮನುಷ್ಯ ಒಳ್ಳೆಯವನಾಗುವುದಕ್ಕೂ ಒಂದು ಮಿತಿ ಇರುತ್ತದಲ್ಲ!

ಆಂಬುಲೆನ್ಸು ಬರುವವರೆಗೆ ಶಿವರಾಮುವನ್ನು ಹಿಡಿದಿಡುವುದು ಹೇಗೆ? ಅಜೀಜಾ ಗುಂಪನ್ನು ಹೊರಗೆ ಕಳಿಸಿದಳು. "ಮಾತಿಗೆ ಮಾತು ಬೆಳಿಸ್ಬೇಡಿ. ಕಾವೇರಮ್ಮ ಅಪ್ಪಣೆ ಕೊಟ್ಟಿಲ್ಲ ಅಂತ ವಾದ ಮಾಡ್ಬೇಡಿ, ನಗಬೇಡಿ. ಮೆಲ್ಲಗೆ ಮಾತಾಡ್ಸಿ" ಎಂದು ಅತ್ತೆ ಸೊಸೆಯರಿಬ್ಬರಿಗೂ ಹೇಳಿಕೊಟ್ಟಳು. ರಂಜಿತ ತಲೆ ಒರೆಸಿದಳು. ಹೊಂಬಾಳಮ್ಮ ಪಕ್ಕದಲ್ಲಿ ಕೂತು ಕೈ ಹಿಡಿದಳು.

"ಅವ್ವ, ಇನ್ನೂ ಕೆಲ್ಸ ಅದೆ ಕಣವ್ವ" ಎಂದ ಶಿವರಾಮು.

"ಇರ್ಲಿ ಮಗ. ಸುಸ್ತಾಗಿದ್ದೀಯೆ. ಡಾಕ್ಟ್ರ ತಾವು ಓಗಿ ಬರಾಣ, ನಾನೂ ಬತ್ತೀನಿ."

ಅವನು ತಾಯಿಯ ಕೈ ಬಿಡಲಿಲ್ಲ. ಹಾಗೇ ಎದ್ದು ಗಾಡಿ ಹತ್ತಿದ.

ಮದ್ದೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರು ನೋಡಿ, ಮೊದಲ ಔಷಧಿ ಕೊಟ್ಟು, ಮಂಡ್ಯದ ದೊಡ್ಡಾಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕಳಿಸಿದರು. ಅಲ್ಲಿಯ ಡಾಕ್ಟರು ರಂಜಿತಳನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಇದಕ್ಕೆ ಬೈಪೋಲಾರ್ ಎನ್ನುತ್ತಾರೆ. ಮನಸ್ಸು ಕೆಲವೊಮ್ಮೆ ವಿಪರೀತ ಮೇಲಕ್ಕೆ ಹೋಗುತ್ತದೆ, ಕೆಲವೊಮ್ಮೆ ವಿಪರೀತ ಕೆಳಗೆ ಇಳಿಯುತ್ತದೆ. ನಿದ್ದೆ ಕೆಟ್ಟರೆ ಹೆಚ್ಚಾಗುತ್ತದೆ. ಸಕ್ಕರೆ ಕಾಯಿಲೆಗೆ, ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುವುದಿಲ್ಲವೇ, ಇದಕ್ಕೂ ಹಾಗೇ. ಸರಿಯಾಗಿ ಔಷಧಿ ತೆಗೆದುಕೊಂಡರೆ ಕೆಲಸ, ಸಂಸಾರ ಎಲ್ಲ ನಡೆಸಿಕೊಂಡು ಹೋಗಬಹುದು. ತಾವಾಗಿ ಮಾತ್ರೆ ನಿಲ್ಲಿಸಬಾರದು, ಅಷ್ಟೇ.

ಶಿವರಾಮು ಆಸ್ಪತ್ರೆಯಲ್ಲಿ ಮೊದಲು ಮಾಡಿದ ಕೆಲಸವೆಂದರೆ ನಿದ್ದೆ. ಎದ್ದವನು, "ಒಟ್ಟೆ ಅಸೀತದೆ" ಎಂದ. ಹೊಂಬಾಳಮ್ಮ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಮನಸಾರೆ ಅತ್ತಳು.

ಈಗ ಶಿವರಾಮು ಮತ್ತೆ ನಾಲೆಯ ಮೇಲಿದ್ದಾನೆ. ಹಗಲು ಅವನು, ರಾತ್ರಿ ಸರದಿಗೆ ಇನ್ನೊಬ್ಬರು. ಅವನಿಗೆ ನಿದ್ದೆ ತಪ್ಪಬಾರದು ಎಂದು ಊರಿನವರೇ ಮಾತಾಡಿಕೊಂಡು ಮಾಡಿದ ಏರ್ಪಾಡು. ಊರಿನವರು ಮೊದಲಿನಂತೆಯೇ ಬಯ್ಯುತ್ತಾರೆ, ಅವನೂ ಮೊದಲಿನಂತೆಯೇ ನಗುತ್ತಾನೆ. ಆಸ್ಪತ್ರೆಗೆ ಹೋಗುವ ದಿನ ಬಂದರೆ ರಂಜಿತ ನೆನಪಿಸುವ ಮುಂಚೆ ಹೊಂಬಾಳಮ್ಮನೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿರುತ್ತಾಳೆ.

ಮೊನ್ನೆ ಊರಿನ ಹೆಂಗಸರ ಸಂಘದ ಸಭೆಯಲ್ಲಿ ಯಾರೋ ಹೊಂಬಾಳಮ್ಮನನ್ನು ಕೇಳಿದರು. ಅಷ್ಟು ಜನರ ಮುಂದೆ ಮಗನಿಗೆ ಮನಸ್ಸಿನ ಕಾಯಿಲೆ ಅಂತ ಹೇಗೆ ಹೇಳಿದೆ, ನಾಚಿಕೆ ಆಗಲಿಲ್ಲವೇ?

"ನಾಚ್ಕೆ ಆಯ್ತು" ಎಂದಳು ಹೊಂಬಾಳಮ್ಮ. "ಆದ್ರೆ ಆ ಕಬ್ಬುಣದ್ ಬಾಗ್ಲು ಮುಚ್ಚಿದ್ರೆ, ಅವ್ನ ಒಳೀಕೆ ನೂಕ್ದೋಳು ನಾನೇ ಆಯ್ತಿದ್ದೆ ಕಣವ್ವ. ಆ ನಾಚ್ಕೆ ಒತ್ಕಂಡು ಬದ್ಕಾಕಾಯ್ತದಾ?"

ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಜೊತೆ ನೇರವಾಗಿ ಒಂದು ಮಾತು. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಯಾರಾದರೂ ದಿನಗಟ್ಟಲೆ ಮಲಗದಿದ್ದರೆ, ಇಲ್ಲದ ಮಾತು ಕೇಳಿಸುತ್ತಿದೆ ಎಂದರೆ, ಇದ್ದಕ್ಕಿದ್ದಂತೆ ಬೇರೆಯೇ ಮನುಷ್ಯರಾದಂತೆ ಕಂಡರೆ, ಕಾಯುತ್ತಾ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿ. ಹಗಲು ರಾತ್ರಿ ಎನ್ನದೆ ಕನ್ನಡದಲ್ಲಿಯೇ ಮಾತಾಡುತ್ತಾರೆ, ಅದಕ್ಕೆ ಏನೂ ಕೊಡಬೇಕಿಲ್ಲ. ಅಪಾಯ ಎನಿಸಿದರೆ 108ಕ್ಕೋ 112ಕ್ಕೋ ಕರೆ ಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಚಿಕಿತ್ಸೆ ಇದೆ.

ಪೊಲೀಸರನ್ನು ಕರೆಯಬೇಕಾದೀತು, ಅದು ತಪ್ಪಲ್ಲ. ಕಾಪಾಡಲು ಕರೆಯಿರಿ, ಹೆದರಿಸಲು ಕರೆಯಬೇಡಿ. ಹೆದರಿಸಿದರೆ ಜ್ವರ ಇಳಿಯುವುದಿಲ್ಲ, ಇದೂ ಇಳಿಯುವುದಿಲ್ಲ. ಮನಸ್ಸಿನ ಕಾಯಿಲೆಯಲ್ಲಿ ಇರುವವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಆದಷ್ಟು ಬೇಗ, ಹೆಚ್ಚೆಂದರೆ ಇಪ್ಪತ್ತನಾಲ್ಕು ಗಂಟೆಯೊಳಗೆ, ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ತೋರಿಸಬೇಕು. ದೇಶದ ಮಾನಸಿಕ ಆರೋಗ್ಯ ಕಾಯ್ದೆ ಹೇಳುವುದು ಇದನ್ನೇ. ಯಾರೂ ದಿಕ್ಕಿಲ್ಲದೆ ಅಲೆಯುವವರಿಗೂ ಇದೇ ಕಾನೂನು, ಅವರ ಮನೆಯವರನ್ನು ಹುಡುಕುವುದೂ ಪೊಲೀಸರ ಕೆಲಸ. ಕೇಳುವ ಹಕ್ಕು ನಿಮಗಿದೆ, ಧೈರ್ಯವಾಗಿ ಕೇಳಿ.

ಠಾಣೆಯ ಬಾಗಿಲಲ್ಲಿ ನಿಂತಾಗ ಸುತ್ತ ಊರಿನವರು ನೋಡುತ್ತಿರುತ್ತಾರೆ. ಆಗ ಉದ್ದದ ಮಾತು ಬೇಡ. "ಇವರಿಗೆ ಹುಷಾರಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗಿ" ಎನ್ನಿ. ಅದನ್ನು ಮೊದಲು ಹೇಳಬೇಕಾದವರು ನೀವೇ.